19 ತಿಂಗಳಾಯ್ತು, ಒಂದು ಮಾತೂ ಇಲ್ಲ. ಎಲ್ರೂ "ಕಾಯಿ" ಅಂತಾರೆ, ಎಷ್ಟು ದಿನ ಕಾಯೋದು?

ಸಣ್ಣಪ್ಪಿ_ಅಮ್ಮ
ಎಲ್ರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದ್ಕೊಂಡು ಹೋಗ್ತಿದ್ದೆ, ಇವತ್ತು ಕೇಳ್ಲೇಬೇಕು ಅನ್ನಿಸ್ತು. ನಮ್ಮದು ಅರಸೀಕೆರೆ ಹತ್ರ ಒಂದು ಹಳ್ಳಿ. ಮಗನಿಗೆ 19 ತಿಂಗಳು. 33 ವಾರಕ್ಕೇ ಹುಟ್ಬಿಟ್ಟ, 1.7 ಕೆಜಿ, 16 ದಿನ ಎನ್‌ಐಸಿಯುನಲ್ಲಿದ್ದ (ಹಸುಗೂಸುಗಳ ಐಸಿಯು). ಕೂತಿದ್ದು 9 ತಿಂಗಳಿಗೆ, ನಡೆದಿದ್ದು 16ಕ್ಕೆ, ತಡ ಆದ್ರೂ ಬಂತಲ್ಲ ಅಂತ ಸಮಾಧಾನ ಆಯ್ತು, ಮಾತು ಮಾತ್ರ ಇಲ್ಲ. ಅಮ್ಮ ಇಲ್ಲ, ಅಪ್ಪ ಇಲ್ಲ, ಕಾಕಾ ಕೂಡ ಇಲ್ಲ. ಏನಾದ್ರೂ ಬೇಕು ಅಂದ್ರೆ ನನ್ನ ಮಣಿಕಟ್ಟು ಹಿಡ್ಕೊಂಡು ದರದರ ಎಳ್ಕೊಂಡೋಗಿ ಡಬ್ಬದ ಮೇಲೆ ನನ್ನ ಕೈ ಇಡ್ತಾನೆ, ಬೆರಳು ಮಾಡಿ ತೋರ್ಸಲ್ಲ. ಹೆಸರಿಡಿದು ಕರೆದ್ರೆ ಒಂದೊಂದ್ಸಲ ತಿರುಗ್ತಾನೆ ಒಂದೊಂದ್ಸಲ ಇಲ್ಲ, ಆದ್ರೆ ಬಿಸ್ಕೆಟ್ ಪ್ಯಾಕೆಟ್ ಪರಪರ ಅಂದ್ರೆ ಒಳಗಿನ ರೂಮಿಂದ ಓಡಿ ಬರ್ತಾನೆ, ಹಾಗಾಗಿ ಕಿವಿ ಸರಿ ಇದೆ ಅಂತ ಎಲ್ರೂ ಹೇಳೋದು.

ಅತ್ತೆ "ಇವರಪ್ಪನೂ ಮೂರು ವರ್ಷಕ್ಕೆ ಮಾತಾಡಿದ್ದು, ಈಗ ನೋಡು ಬಾಯಿ ಮುಚ್ಚಲ್ಲ" ಅಂತ ದಿನಾ ಬಜೆ ತೇಯ್ದು ನಾಲಿಗೆಗೆ ಸವರ್ತಾರೆ. ನಾವು ತೋರ್ಸೋ ಡಾಕ್ಟ್ರು ಗಂಡು ಮಕ್ಕಳು ಸ್ವಲ್ಪ ಲೇಟು, ಎರಡೂವರೆ ವರ್ಷದ ತನಕ ನೋಡೋಣ ಅಂದ್ರು. ನಮ್ಮೆಜಮಾನ್ರೂ ಅದನ್ನೇ ಹಿಡ್ಕೊಂಡಿದಾರೆ. ನಂಗೆ ರಾತ್ರಿ ನಿದ್ದೆ ಇಲ್ಲ. ಕಾಯ್ಲಾ, ಬೇಡ್ವಾ? ಹೋದ್ರೂ ಎಲ್ಲಿಗೆ ಹೋಗ್ಲಿ? ಬೆಂಗಳೂರಲ್ಲಿ ಮನೆ ಮಾಡಿಕೊಂಡು ಇರೋ ಅನುಕೂಲ ನಮಗಿಲ್ಲ.

ಅವರೆಕಾಳು
ಮೊಬೈಲ್ ಕೊಡ್ತೀರಾ ಮೇಡಂ? ಈಗಿನ ಮಕ್ಕಳಿಗೆಲ್ಲಾ ಅದೇ ಪ್ರಾಬ್ಲಮ್ಮು. ಅಮ್ಮಂದ್ರು ಊಟ ಮಾಡ್ಸೋಕೆ ಮೊಬೈಲ್ ಕೊಟ್ಟು ಆಮೇಲೆ ಮಾತು ಬರ್ಲಿಲ್ಲ ಅಂತ ಅಳ್ತಾರೆ.

ಕುಡ್ಲದಮೀನು
ಎಂತ ಮಾರಾಯ್ರೆ, ಅವ್ರು ಕೇಳಿದ್ದು ಎಂತ, ನೀವು ಹೇಳುದೆಂತ. 16 ದಿನ ಎನ್‌ಐಸಿಯುನಲ್ಲಿ ಇಟ್ಟು ಬದುಕಿಸಿ ತಂದ ಮಗು ಅದು. ಅಪ್ಪಂದಿರ ಕೈಯಲ್ಲಿ ಮೊಬೈಲ್ ಇರುದಿಲ್ವಾ?

ಸಣ್ಣಪ್ಪಿ_ಅಮ್ಮ
ಸುಳ್ಳು ಯಾಕೆ ಹೇಳ್ಲಿ, ಕೊಡ್ತೀನಿ. ಮಧ್ಯಾಹ್ನ ಹಸು ಕೊಟ್ಟಿಗೆ ಕೆಲಸ ಇರುತ್ತೆ, ಒಂದೊಂದು ದಿನ ಎರಡು ಗಂಟೆನೂ ಆಗುತ್ತೆ. ಅದಕ್ಕೇ ಹೀಗಾಯ್ತಾ ಅಂತಾನೇ ದಿನಾ ನನ್ನನ್ನ ನಾನೇ ತಿಂತಾ ಇದೀನಿ.

ವಾಕ್‌ಶ್ರವಣ
ಸಣ್ಣಪ್ಪಿ ಅಮ್ಮ, ನಾನು ಆಡಿಯಾಲಜಿ ಸ್ಪೀಚ್ ಓದಿ ಅದೇ ಕೆಲಸದಲ್ಲಿರೋಳು, ಸ್ವಲ್ಪ ಉದ್ದ ಬರೀತೀನಿ ಬೇಜಾರು ಮಾಡ್ಕೋಬೇಡಿ.

ಮೊದಲು ವಯಸ್ಸಿನ ಲೆಕ್ಕ. ನಿಮ್ಮ ಮಗು 40 ವಾರಕ್ಕೆ ಹುಟ್ಟಬೇಕಿತ್ತು, 33ಕ್ಕೆ ಹುಟ್ಟಿದೆ, ಅಂದ್ರೆ 7 ವಾರ ಮುಂಚೆ. ಎರಡು ವರ್ಷ ತುಂಬೋ ತನಕ ಬೆಳವಣಿಗೆ ನೋಡುವಾಗ ಆ 7 ವಾರ ಕಳೆದೇ ನೋಡಬೇಕು. ಹಾಗಾಗಿ ನಮ್ಮ ಲೆಕ್ಕಕ್ಕೆ ಅವನಿಗೆ 17 ತಿಂಗಳು ಚಿಲ್ಲರೆ. ಕೂತಿದ್ದು ನಡೆದಿದ್ದು ಎರಡೂ ಈ ಲೆಕ್ಕದಲ್ಲಿ ತಡಾನೇ ಅಲ್ಲ, ಅದನ್ನ ತಲೆಯಿಂದ ತೆಗೀರಿ. ಆದ್ರೆ 17 ತಿಂಗಳು ಅಂತ ಇಟ್ಕೊಂಡ್ರೂ ಒಂದೂ ಪದ ಇಲ್ಲ, ಬೆರಳು ತೋರ್ಸಲ್ಲ, ಕರೆದ್ರೆ ಯಾವಾಗ್ಲೂ ತಿರುಗಲ್ಲ ಅನ್ನೋದು ಎರಡೂವರೆ ವರ್ಷದ ತನಕ ಕಾಯೋ ವಿಷಯ ಅಲ್ಲ. ಪದಕ್ಕಿಂತ ನನಗೆ ಆ ಬೆರಳಿನ ವಿಷಯ ಮುಖ್ಯ. "ಅಮ್ಮಾ ಅಲ್ನೋಡು ನಾಯಿ" ಅಂತ ಬಾಯಲ್ಲಿ ಹೇಳೋಕೆ ಎಷ್ಟೋ ಮುಂಚೆ ಮಕ್ಕಳು ಬೆರಳಲ್ಲಿ ಹೇಳಿರ್ತಾರೆ.

ಎರಡನೇದು ಬಿಸ್ಕೆಟ್ ಪ್ಯಾಕೆಟ್. ಇದನ್ನ ವಾರಕ್ಕೆ ನಾಲ್ಕು ಸಲ ಕೇಳ್ತೀನಿ ನಾನು, ಪ್ಯಾಕೆಟ್ಟು, ಕುಕ್ಕರ್ ವಿಷಲ್ಲು, ಅಪ್ಪನ ಬೈಕು. ಸದ್ದು ಕೇಳೋದು ಬೇರೆ, ಮಾತು ಸ್ಪಷ್ಟವಾಗಿ ಕೇಳೋದು ಬೇರೆ. ಡಿಸ್ಚಾರ್ಜ್ ಆಗುವಾಗ ಕಿವಿ ಟೆಸ್ಟ್ ಮಾಡಿದ್ರಾ? ಮಾಡಿದ್ರೆ ಓಎಇ ಇರುತ್ತೆ, ಕಿವಿಗೆ ಸಣ್ಣ ಪ್ರೋಬ್ ಇಟ್ಟು ಒಂದೆರಡು ನಿಮಿಷಕ್ಕೆ ಮುಗಿಯೋದು. ಅದು ಕಿವಿಯ ಒಳಗಿನ ಭಾಗ ಕೆಲಸ ಮಾಡ್ತಿದೆಯಾ ಅಂತ ಹೇಳುತ್ತೆ ಅಷ್ಟೇ, ಅಲ್ಲಿಂದ ನರದ ಮೂಲಕ ಮೇಲಕ್ಕೆ ಹೋಗ್ತಿದೆಯಾ ಅಂತ ಹೇಳಲ್ಲ. ಎನ್‌ಐಸಿಯುನಲ್ಲಿ 5 ದಿನಕ್ಕಿಂತ ಜಾಸ್ತಿ ಇದ್ದ ಮಗುಗೆ ಓಎಇ ಪಾಸ್ ಆದ್ರೂ ಬೆರಾ ಮಾಡಿಸ್ಬೇಕು, ಸದ್ದು ನರದ ಮೂಲಕ ಮೇಲಕ್ಕೆ ಹೋಗ್ತಿದೆಯಾ ಅಂತ ನೋಡೋ ಟೆಸ್ಟ್ ಅದು. ನಿಯಮದ ಪ್ರಕಾರ 1 ತಿಂಗಳೊಳಗೆ ಸ್ಕ್ರೀನಿಂಗ್, 3 ತಿಂಗಳೊಳಗೆ ತೊಂದರೆ ಏನು ಅಂತ ಖಚಿತ, 6 ತಿಂಗಳೊಳಗೆ ಕಿವಿ ಮಿಷಿನ್, ಥೆರಪಿ ಶುರು. ನೀವು ತಡ ಮಾಡಿದ್ರಿ ಅಂತ ಅಲ್ಲ, ಯಾರಾದ್ರೂ ನಿಮಗೆ ಹೇಳಬೇಕಿತ್ತು.

ಬಜೆ ಬಗ್ಗೆ. ನಮ್ಮಜ್ಜೀನೂ ನನಗೆ ತೇಯ್ದಿದಾರೆ. ನಾಲಿಗೆ ದಪ್ಪ ಅಂತ ಮಾತು ನಿಂತಿರಲ್ಲ, ಅದರಿಂದ ಮಾತು ಬರೋದೂ ಇಲ್ಲ, ಜಾಸ್ತಿ ಹೋದ್ರೆ ಚಿಕ್ಕ ಮಕ್ಕಳು ವಾಂತಿ ಮಾಡ್ಕೋತಾರೆ. ಅತ್ತೆ ಹತ್ರ ಜಗಳ ಮಾಡ್ಬೇಡಿ, ಅವರಿಗೆ ಬೇರೆ ಕೆಲಸ ಕೊಡೋಣ, ಆಮೇಲೆ ಹೇಳ್ತೀನಿ.

ಮೊಬೈಲ್: ಡಬ್ಲ್ಯೂಎಚ್‌ಒ 2019ರಲ್ಲಿ ಹೇಳಿದ್ದು, 1 ವರ್ಷದ ಮಕ್ಕಳಿಗೂ ಸ್ಕ್ರೀನ್ ಬೇಡ, 2 ತುಂಬಿದ ಮೇಲೆ ದಿನಕ್ಕೆ 1 ಗಂಟೆ ದಾಟಬಾರದು ಅಂತ. ಕಮ್ಮಿ ಮಾಡಿ ಸರಿ. ಆದ್ರೆ ಮೊಬೈಲ್ ಒಂದನ್ನೇ ಹಿಡ್ಕೊಂಡು ಕೂತು ಕಿವಿ ಟೆಸ್ಟ್ ಮುಂದಕ್ಕೆ ಹಾಕಬೇಡಿ.

ಟೀಚರಮ್ಮ
ನಾನು ಅಂಗನವಾಡಿ ಕಾರ್ಯಕರ್ತೆ, 14 ವರ್ಷದಿಂದ. ನಿಮ್ಮ ತಾಯಿ ಕಾರ್ಡ್ ತೆಗೀರಿ. ಎಲ್ಲರೂ ಇಂಜೆಕ್ಷನ್ ಪುಟ ಮಾತ್ರ ನೋಡ್ತಾರೆ, ಅದು ಮಡಚಿ ಮಡಚಿ ಹರಿದೇ ಹೋಗಿರುತ್ತೆ, ಒಳಗೆ ಯಾವ ವಯಸ್ಸಿಗೆ ಮಗು ಏನು ಮಾಡಬೇಕು ಅಂತ ಚಿತ್ರ ಸಮೇತ ಇದೆ, ಆ ಪುಟ ಮಾತ್ರ ಹೊಸದಾಗೇ ಇರುತ್ತೆ. ನಾನೂ ಮೊದಮೊದಲು ತೂಕ ಬರ್ಕೊಂಡು ಕಳಿಸ್ತಿದ್ದೆ, ಸುಳ್ಳು ಹೇಳಲ್ಲ.

ಆರ್‌ಬಿಎಸ್‌ಕೆ ಅಂತ ಒಂದು ಡಾಕ್ಟರ್ ಟೀಮ್ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರುತ್ತೆ, 2013ರಿಂದ ಇದೆ ಈ ಯೋಜನೆ. ಅವರು ಬಂದಾಗ ಮಗು ತೋರಿಸಿ, ಕಾಯಕ್ಕಾಗಲ್ಲ ಅಂದ್ರೆ ಪಿಎಚ್‌ಸಿಯಲ್ಲಿ ಬರೆಸ್ಕೊಂಡು ನೇರ ಜಿಲ್ಲಾಸ್ಪತ್ರೆಗೆ ಹೋಗಿ. ಅಲ್ಲಿ ಡಿಇಐಸಿ ಅಂತ ಇರುತ್ತೆ, ಮಕ್ಕಳ ಡಾಕ್ಟ್ರು, ಫಿಸಿಯೋ, ಮಾತಿನವರು, ಕಿವಿಯವರು, ಕಣ್ಣಿನವರು ಎಲ್ಲಾ ಒಂದೇ ಕಡೆ, ದುಡ್ಡು ಕೊಡೋ ಹಾಗಿಲ್ಲ.

ಬಿಸಿಲುಕುದುರೆ
ಹೇಳೋಕೆ ಚೆನ್ನಾಗಿದೆ ಟೀಚರ್. ನಮ್ಮ ಜಿಲ್ಲೇಲಿ ಬೋರ್ಡ್ ಇತ್ತು, ಗೋಡೆ ಮೇಲೆ ಮಿಕ್ಕಿ ಮೌಸ್ ಇತ್ತು, ಬಣ್ಣ ಬಣ್ಣದ ಚೆಂಡು ತುಂಬಿದ ತೊಟ್ಟಿ ಇತ್ತು, ಸ್ಪೀಚ್ ಥೆರಪಿಸ್ಟ್ ಮಾತ್ರ ಇರ್ಲಿಲ್ಲ. ಮೂರು ಸಲ ಹೋದೆ. ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜ್ ಹಾಕ್ಕೊಂಡು. ಮೂರನೇ ಸಲ ಗೊತ್ತಾಯ್ತು ಪೋಸ್ಟೇ ಖಾಲಿ ಅಂತ.

ಟೀಚರಮ್ಮ
ಅದೂ ನಿಜಾನೇ, ನಾನು ಇಲ್ಲ ಅನ್ನಲ್ಲ. ಅದಕ್ಕೇ ಹೋಗೋಕೆ ಮುಂಚೆ ಆಶಾ ಕೈಲಿ ಫೋನ್ ಮಾಡ್ಸಿ, ಮಾತಿನವರು ಯಾವ ವಾರ ಇರ್ತಾರೆ ಅಂತ ಕೇಳಿ ಹೋಗಿ. ಖಾಲಿ ಇದ್ರೆ ಬೇರೆ ಕಡೆ ರೆಫರ್ ಬರೆದುಕೊಡಿ ಅಂತ ಬಾಯಿಬಿಟ್ಟು ಕೇಳ್ಬೇಕು, ಕೇಳದೆ ಯಾರೂ ಬರೆಯಲ್ಲ.

ವಾಕ್‌ಶ್ರವಣ
ಅರಸೀಕೆರೆಯಿಂದ ಮೈಸೂರಿಗೆ ಟ್ರೈನ್ ಇದೆಯಲ್ಲ, ಮಾನಸಗಂಗೋತ್ರಿ ವಾಕ್ ಶ್ರವಣ ಸಂಸ್ಥೆಗೆ ಹೋಗಿ. ಅರವತ್ತರ ದಶಕದಿಂದ ಇರೋ ಕೇಂದ್ರ ಸರ್ಕಾರದ ಸಂಸ್ಥೆ, ಕಿವಿ, ಮಾತು, ಸೈಕಾಲಜಿ ಎಲ್ಲಾ ಒಂದೇ ಕ್ಯಾಂಪಸ್ಸಲ್ಲಿ ಆಗುತ್ತೆ. ಬೆಳಿಗ್ಗೆ ಬೇಗ ಹೋಗಿ ರಿಜಿಸ್ಟ್ರೇಷನ್ ಮಾಡ್ಸಿ. ಮುಖ್ಯವಾದ್ದು, ಬೆರಾ ಮಾಡೋಕೆ ಮಗು ನಿದ್ದೆ ಮಾಡ್ತಿರಬೇಕು, ಹಾಗಾಗಿ ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ದಾರೀಲಿ ಮಲಗೋಕೆ ಬಿಡಬೇಡಿ.

ಮತ್ತೆ ಕೇಳೋದು ಮರೆತಿದ್ದೆ, ಕಣ್ಣು ತೋರಿಸಿದೀರಾ? 2 ಕೆಜಿ ಒಳಗೆ ಹುಟ್ಟಿದ ಮಕ್ಕಳಿಗೆ 30 ದಿನದೊಳಗೆ ಆರ್‌ಒಪಿ, ಅಂದ್ರೆ ಬೇಗ ಹುಟ್ಟಿದ ಮಕ್ಕಳಿಗೆ ಬರೋ ಕಣ್ಣಿನ ರೆಟಿನಾ ತೊಂದರೆ ಇದೆಯಾ ಅಂತ ನೋಡ್ಲೇಬೇಕು.

ಸಣ್ಣಪ್ಪಿ_ಅಮ್ಮ
ಕಣ್ಣು ನೋಡಿದ್ರು ಮೇಡಂ. ಎನ್‌ಐಸಿಯುಗೆ ಕ್ಯಾಮೆರಾ ತಗೊಂಡು ಒಂದು ಟೀಮ್ ಬಂದಿತ್ತು, ಫೋಟೋ ತೆಗೆದು ಬೆಂಗಳೂರಿಗೆ ಕಳಿಸಿ ನಾರ್ಮಲ್ ಅಂತ ಚೀಟಿ ಕೊಟ್ರು. ಕಿವಿದು ಓಎಇ ಪಾಸ್ ಅಂತ ಫೈಲಲ್ಲಿದೆ. ಬೆರಾ ಅನ್ನೋ ಪದಾನೇ ಇವತ್ತು ಕೇಳಿದ್ದು.

ವಾಕ್‌ಶ್ರವಣ
ಅದು ಕಿಡ್ರಾಪ್ ಟೀಮ್ ಇರಬಹುದು, 2008ರಿಂದ ಬೆಂಗಳೂರಿನ ನಾರಾಯಣ ನೇತ್ರಾಲಯದವರು ಜಿಲ್ಲೆ ಜಿಲ್ಲೆಯ ಎನ್‌ಐಸಿಯುಗೆ ಹೋಗಿ ಮಾಡ್ತಿರೋದು. ಮಗು ಬೆಂಗಳೂರಿಗೆ ಹೋಗ್ಲಿಲ್ಲ, ಕ್ಯಾಮೆರಾನೇ ಮಗು ಹತ್ರ ಬಂತು ನೋಡಿ. ಕಿವಿಗೂ ಹೀಗೇ ಯಾರಾದ್ರೂ ಮಾಡಿದ್ರೆ ನನ್ನ ಅರ್ಧ ಕೆಲಸ ಕಮ್ಮಿ ಆಗೋದು.

ಕುಡ್ಲದಮೀನು
ನಮ್ಮ ಕಥೆ ಸ್ವಲ್ಪ ಹೇಳ್ತೇನೆ. ನಮ್ಮ ಮನೇಲಿ ತುಳು, ಹೊರಗೆ ಕನ್ನಡ, ಹೆಂಡತಿ ಮನೆಯವ್ರದ್ದು ಕೊಂಕಣಿ. ಮಗಳಿಗೆ ಎರಡು ವರ್ಷ ಆಗಿ ಬರೇ ನಾಲ್ಕೈದು ಶಬ್ದ ಉಂಟು, ಒಂದು ಕ್ಲಿನಿಕ್ಕಿಗೆ ಹೋದ್ವಿ. ಅವ್ರು ಹೇಳಿದ್ರು, ಮೂರು ಭಾಷೆಯಲ್ಲಿ ಮಗು ಕನ್ಫ್ಯೂಸ್ ಆಗಿದೆ, ಇನ್ನು ಮನೇಲಿ ಇಂಗ್ಲಿಷ್ ಒಂದೇ ಮಾತಾಡಿ ಅಂತ. ನನ್ನ ಅಮ್ಮ ಐದನೇ ಕ್ಲಾಸ್. ಇಡೀ ದಿನ ಮಗುವಿನ ಜೊತೆ ಇರುದು ಅವ್ರೇ. ಮೀನು ಕೊಯ್ಯುವಾಗ, ಬಟ್ಟೆ ಒಣಗಿಸುವಾಗ, ತೆಂಗಿನ ಗರಿ ಎಳೀವಾಗ ಬಾಯಿ ಸುಮ್ಮನೆ ಇರ್ತಿರ್ಲಿಲ್ಲ. ಆ ದಿನದಿಂದ ಅಮ್ಮ ಮಗು ಹತ್ರ ಮಾತಾಡುದೇ ಬಿಟ್ರು, ತಪ್ಪಾಗ್ತದೆ ಅಂತ ಹೆದರಿ. ಬರೇ "ಕಮ್", "ಗೋ", "ಈಟ್". ನಾಲ್ಕು ತಿಂಗಳು ಹಾಗೆ. ಆಮೇಲೆ ಬೇರೊಬ್ಬ ಥೆರಪಿಸ್ಟ್ ತಲೆ ತಲೆ ಚಚ್ಚಿಕೊಂಡ್ರು, ಎರಡು ಮೂರು ಭಾಷೆಯಿಂದ ಮಾತು ತಡ ಆಗುದಿಲ್ಲ, ತಡ ಇದ್ದ ಮಗುವಿಗೂ ಮನೆಭಾಷೆ ನಿಲ್ಲಿಸ್ಬಾರ್ದು, ಅಜ್ಜಿಯನ್ನೇ ಕರ್ಕೊಂಡು ಬನ್ನಿ ಅಂತ. ಮಗಳ ಮೊದಲ ವಾಕ್ಯ ತುಳುವಲ್ಲೇ ಬಂದದ್ದು, ಬೆಕ್ಕಿಗೆ ಬೈದದ್ದು. ಆ ನಾಲ್ಕು ತಿಂಗಳು ನೆನಪಾದ್ರೆ ಈಗಲೂ ಹೊಟ್ಟೆ ಉರೀತದೆ.

ಜೋಳದರೊಟ್ಟಿ
ಅಕ್ಕಾರ, ನಾ ಗದಗ ಕಡೆಯಾಂವ. ನಮ್ಮ ಮಗಳಿಗೆ ಈಗ 6 ವರ್ಷ. ಹುಟ್ಟಿದಾಗ ಕೂಸು ಅಳಲಿಲ್ರಿ. ಸಿಪಿ (ಸೆರೆಬ್ರಲ್ ಪಾಲ್ಸಿ, ಮಿದುಳಿಗೆ ಪೆಟ್ಟಾಗಿ ಕೈಕಾಲು ಹಿಡಿತಕ್ಕ ಬರದಿರೂದು) ಅಂತ ಗೊತ್ತಾಗಿದ್ದು 11 ತಿಂಗಳಿಗೆ, ಅಲ್ಲೀತನಕ ನಮಗೂ ಕಾಯ್ರಿ ಕಾಯ್ರಿ ಅಂತನ ಹೇಳಿದ್ರು. 5 ತಿಂಗಳಾದ್ರೂ ಕುತ್ತಿಗಿ ನಿಂತಿರಲಿಲ್ಲ, ಎಡಗೈ ಮುಷ್ಟಿ ಬಿಚ್ಚತಿರಲಿಲ್ಲ, ನಮ್ಮವ್ವ ಒಬ್ಬಾಕಿನ "ಈ ಕೈ ಯಾಕ ಹಿಂಗ ಬಿಗಿ ಹಿಡೀತಾಳ" ಅಂತಿದ್ಲು, ಆಕಿ ಮಾತು ಯಾರೂ ಕಿವ್ಯಾಗ ಹಾಕ್ಕೊಳ್ಳಲಿಲ್ಲ, ನಾನೂ ಹಾಕ್ಕೊಳ್ಳಲಿಲ್ಲ.

ನಿಮಗ ಹೇಳೂದು ಏನಂದ್ರ, ಪಂಚಾಯ್ತಿಯೊಳಗ ವಿಆರ್‌ಡಬ್ಲ್ಯೂ ಅಂತ ಇರ್ತಾರ, ಪುನರ್ವಸತಿ ಕಾರ್ಯಕರ್ತರು, ಹೆಚ್ಚಾಗಿ ಅವರೂ ಅಂಗವಿಕಲರ ಇರ್ತಾರ. ನಮ್ಮೂರಾಂವ ಪೋಲಿಯೋ ಆದಾಂವ, ಮೂರು ಗಾಲಿ ಗಾಡಿ ಮ್ಯಾಲೆ ಮನಿಗೆ ಬಂದ, ಫಿಸಿಯೋ ಹೇಳಿದ ಅಳತಿ ಹಿಡಕೊಂಡು ಬಡಿಗ್ಯಾರ ಕಡೆ ಕಾರ್ನರ್ ಚೇರ್ ಮಾಡಿಸಿದ. ಏನಿಲ್ರಿ, ಎರಡು ಹಲಗಿ ಮೂಲಿಗತೆ ಜೋಡಿಸೂದು, ಕಾಲ ನಡುವ ಒಂದು ಗೂಟ, ಮುಂದ ಒಂದು ಹಲಗಿ ಟ್ರೇ. ಅದಕ್ಕ ಮೊದಲ ನಾವು ಮಲಗಿಸಿ ಉಣಸ್ತಿದ್ವಿ, ಗಂಜಿ ನೆತ್ತಿಗೇರಿ ಕೆಮ್ಮಾಕಿ, ಒಂದ ವರ್ಷದಾಗ ಮೂರು ಸಲ ನ್ಯುಮೋನಿಯಾ ಅಂತ ದವಾಖಾನಿ ಸೇರಿದ್ಲು. ಆ ಖುರ್ಚಿ ಬಂದ ಮ್ಯಾಲೆ ನೆಟ್ಟಗ ಕುಂತು ಉಣತಾಳ, ಆಮ್ಯಾಲೆ ಒಂದ ಸಲಾನೂ ಅಡ್ಮಿಟ್ ಆಗಿಲ್ಲ. ಬಡಿಗ್ಯಾ ರೊಕ್ಕ ಇಸ್ಕೊಳ್ಳಲಿಲ್ಲ, ಅದು ಬ್ಯಾರೆ ಮಾತು. ಥೆರಪಿ ಅಂದ್ರ ದೊಡ್ಡ ಮಷೀನು ಅಂತ ತಿಳಕೊಂಡಿದ್ದೆ ನಾ. ನಡದಿಲ್ಲ ಇನ್ನೂ, ವಾಕರ್ ಹಿಡದು ನಾಲ್ಕು ಹೆಜ್ಜಿ. ಸಾಲಿಗೆ ಹೊಂಟಾಳ.

ಅವರೆಕಾಳು
ಸಣ್ಣಪ್ಪಿ ಅಮ್ಮ, ನನ್ನ ಮೊದಲ ಕಾಮೆಂಟಿಗೆ ಸಾರಿ. ಹೇಳೋ ರೀತಿ ಅದಲ್ಲ. ನಮ್ಮ ಮನೇಲೂ ಇದೇ ನಡೀತಿದೆ, ಅಕ್ಕನ ಮಗ, ಮೂರು ವರ್ಷ, ಆಟಿಸಂ ಅಂತ ಹೇಳಿದಾರೆ, ಆ ಕೋಪ ಇಲ್ಲಿ ತೀರಿಸ್ಕೊಂಡೆ ಅನ್ಸುತ್ತೆ. ಪ್ರೈವೇಟ್ ಸೆಂಟರಲ್ಲಿ ಸೆಷನ್‌ಗೆ 900 ರೂಪಾಯಿ, ಮೂರು ತಿಂಗಳದ್ದು ಮೊದಲೇ ಕಟ್ಟಿಸ್ಕೊಂಡ್ರು. 45 ನಿಮಿಷ ಬಾಗಿಲು ಹಾಕ್ಕೋತಾರೆ, ಅಕ್ಕ ಹೊರಗೆ ಪ್ಲಾಸ್ಟಿಕ್ ಚೇರಲ್ಲಿ ಕೂತಿರ್ತಾಳೆ. ಒಳಗೆ ಏನು ಮಾಡಿದ್ರಿ ಅಂದ್ರೆ "ಗುಡ್ ಸಿಟ್ಟಿಂಗ್" ಅಂತ ಡೈರಿಯಲ್ಲಿ ಬರೆದು ಕೊಡ್ತಾರೆ. ಮೂರು ತಿಂಗಳು ಪೂರ್ತಿ ಗುಡ್ ಸಿಟ್ಟಿಂಗೇ.

ವಾಕ್‌ಶ್ರವಣ
ಅಂಥ ಕಡೆ ಬಿಟ್ಬಿಡಿ. ವಾರಕ್ಕೆ ಎರಡು ಗಂಟೆ ನಾನು ಏನೇ ಮಾಡಿದ್ರೂ ಮಿಕ್ಕಿದ್ದೆಲ್ಲಾ ಮನೇಲೇ ಆಗ್ಬೇಕು, ತಾಯಿಗೆ ಬಾಗಿಲು ಹಾಕಿದ ಮೇಲೆ ಅಲ್ಲಿ ಕಲಿಸೋದೇನು. ಮತ್ತೆ ಅಕ್ಕನಿಗೆ ನಿರಾಮಯ ಇನ್ಶೂರೆನ್ಸ್ ಮಾಡ್ಸೋಕೆ ಹೇಳಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ಅವರದ್ದು, ಆಟಿಸಂ, ಸಿಪಿ, ಬುದ್ಧಿಮಾಂದ್ಯ, ಬಹುವಿಕಲತೆ ನಾಲ್ಕಕ್ಕೆ. ವರ್ಷಕ್ಕೆ 1 ಲಕ್ಷದ ತನಕ, ಥೆರಪಿ ಬಿಲ್ಲಿಗೂ ಒಂದಿಷ್ಟು ಸಿಗುತ್ತೆ. ಅಂಗವೈಕಲ್ಯ ಸರ್ಟಿಫಿಕೇಟ್ ಬೇಕಾಗುತ್ತೆ.

ಎಡಿಸನ್_ಕನ್ನಡಿಗ
ನ್ಯೂಜೆರ್ಸಿಯಿಂದ ಬರೀತಿದೀನಿ, ಮೂಲ ತಿಪಟೂರು. ಇಲ್ಲಿ ಅರ್ಲಿ ಇಂಟರ್ವೆನ್ಷನ್ ಅಂತ, ಬೆಳವಣಿಗೆ ತಡ ಇರೋ ಮಕ್ಕಳಿಗೆ ಬೇಗ ಥೆರಪಿ ಕೊಡೋ ವ್ಯವಸ್ಥೆ ಹುಟ್ಟಿದಾಗಿಂದ 3 ವರ್ಷದ ತನಕ ಇದೆ, 1986ರಲ್ಲೇ ಕಾನೂನಿಗೆ ಸೇರಿಸಿದ್ದು. ಡಾಕ್ಟ್ರು ಬರೆದುಕೊಡ್ಲೇಬೇಕು ಅಂತಿಲ್ಲ, ಅಪ್ಪ ಅಮ್ಮ ನೇರ ಫೋನ್ ಮಾಡಬಹುದು, ಮಾಡಿದ 45 ದಿನದೊಳಗೆ ಮಗು ನೋಡಿ ಮನೆಯವರ ಜೊತೆ ಕೂತು ಪ್ಲಾನ್ ಬರೀಬೇಕು.

ನಮ್ಮ ಮನೆಗೆ ಬಂದಾಕೆ ಆಟಿಕೆ ಬ್ಯಾಗ್ ತರ್ತಿರ್ಲಿಲ್ಲ. ಅಮ್ಮ ಆಗ ಊರಿಂದ ಬಂದಿದ್ರು, "ಇಷ್ಟು ದೂರದಿಂದ ಬರೀ ಕೈಯಲ್ಲಿ ಬರ್ತಾಳಲ್ಲೋ ಇವಳು" ಅಂತ ಆಶ್ಚರ್ಯ. ಆಕೆ ಅಡಿಗೆ ಮನೆಗೆ ಬಂದು ಸ್ಟೀಲ್ ಲೋಟ ಲಟ್ಟಣಿಗೆ ತಗೊಂಡು ಅಮ್ಮನ ಪಕ್ಕ ನೆಲದಲ್ಲಿ ಕೂತು, ಚಪಾತಿ ಒತ್ತುವಾಗ ಮಗು ಜೊತೆ ನೀವೇನು ಮಾತಾಡ್ತೀರಿ ತೋರ್ಸಿ ಅಂತ ಕೇಳೋಳು, ನಾನು ಮಧ್ಯೆ ಟ್ರಾನ್ಸ್‌ಲೇಟರ್. ಇಲ್ಲೂ ಎಲ್ಲಾ ಚಿನ್ನ ಅಂದ್ಕೋಬೇಡಿ, ನಮ್ಮ ಸ್ಟೇಟಲ್ಲಿ ಆದಾಯ ನೋಡಿ ಸ್ವಲ್ಪ ದುಡ್ಡು ಕಟ್ಟಿಸ್ಕೋತಾರೆ, ಮತ್ತೆ ಮೂರನೇ ಹುಟ್ಟುಹಬ್ಬದ ದಿನ ಟಪ್ ಅಂತ ನಿಂತೋಗುತ್ತೆ, ಆಮೇಲೆ ಸ್ಕೂಲ್ ಡಿಸ್ಟ್ರಿಕ್ಟ್ ಪಾಲು. ಎರಡು ವರ್ಷ ಮನೆಗೆ ಬಂದಾಕೆ ಕೇಕ್ ತಿಂದು ಹೋದವಳು ಮತ್ತೆ ಬರ್ಲಿಲ್ಲ, ಮಗ ಒಂದು ವಾರ ಬಾಗಿಲು ನೋಡ್ತಿದ್ದ.

ಬಿಸಿಲುಕುದುರೆ
45 ದಿನ ಅಂತ ಕಾನೂನು ಇರೋದು ಕೇಳೇ ಖುಷಿ ಆಯ್ತು ಸಾರ್. ನಮ್ಮಲ್ಲಿ ಕೌಂಟರಲ್ಲಿ ಇರೋರು ತಲೆ ಎತ್ತಿ ನೋಡಿದ್ರೆ ಸಾಕಾಗಿದೆ.

ಸಣ್ಣಪ್ಪಿ_ಅಮ್ಮ
ಅಪ್‌ಡೇಟ್ ಕೊಡ್ತೀನಿ, ಮೂರು ವಾರ ಆಯ್ತು.

ಮೈಸೂರಿಗೆ ಹೋಗಿಬಂದ್ವಿ. ನಮ್ಮೆಜಮಾನ್ರಿಗೆ ಈ ಥ್ರೆಡ್ ಓದಿಸಿದೆ, ಗದಗದ ಅಣ್ಣ ಬರೆದಿದ್ದು ಓದಿ ಸುಮ್ಮನೆ ಎದ್ದು ಹೋದ್ರು, ಮಾರನೇ ದಿನ ತಾವೇ ರಜ ಹಾಕಿದ್ರು. ಮೇಡಂ ಹೇಳಿದ ಹಾಗೆ ರಾತ್ರಿ ಹನ್ನೊಂದರ ತನಕ ಮಲಗಿಸ್ಲಿಲ್ಲ, ನಾಲ್ಕಕ್ಕೆ ಎಬ್ಬಿಸಿದ್ವಿ. ಟ್ರೈನಲ್ಲಿ ಇವನನ್ನ ಎಚ್ಚರ ಇಡೋದೇ ಒಂದು ಯುದ್ಧ. ಹೊಳೆನರಸೀಪುರದ ತನಕ ಕಿಟಕಿ, ಕೆ.ಆರ್. ನಗರದ ತನಕ ಪಕ್ಕದ ಸೀಟಿನ ಅಜ್ಜಿಯ ಬಳೆ, ಸಾಗರಕಟ್ಟೆ ಸೇತುವೆ ಮೇಲೆ ನೀರು ತೋರ್ಸಿದ್ವಿ, ಕಣ್ಣರಳಿಸಿ ನೋಡ್ದ. ಗೆದ್ವಿ ಅಂದ್ಕೊಂಡು ಆಟೋ ಹತ್ತಿದ್ವಿ, ಸಂಸ್ಥೆ ಗೇಟು ಕಾಣೋ ಹೊತ್ತಿಗೆ ಗೊರಕೆ! ರಿಜಿಸ್ಟ್ರೇಷನ್ನು ಅದು ಇದು ಆಗಿ ನಮ್ಮ ಸರದಿ ಬಂದು ಹಣೆಗೆ ತಂತಿ ಅಂಟಿಸುವಾಗ ಸರಿಯಾಗಿ ಎದ್ದು ಕೂತ. ಆ ಹುಡುಗಿ ಪಾಪ ನಕ್ಕು, ಹೊಟ್ಟೆ ತುಂಬಾ ತಿನ್ಸಿ ಓಡಾಡ್ಸಿ ಕರ್ಕೊಂಬನ್ನಿ ಅಂದ್ರು. ಮೊಸರನ್ನ ತಿನ್ಸಿ ಮರದ ಕೆಳಗೆ ಅಪ್ಪ ಮಗ ಸುತ್ತಿ ಸುತ್ತಿ, ಎರಡೂವರೆಗೆ ಮಲಗಿದ, ಆಯ್ತು.

ಎರಡು ಕಿವಿನೂ ಸರಿ ಇದೆ. ಅಲ್ಲೇ ಬೆಂಚ್ ಮೇಲೆ ಕೂತು ಅತ್ತುಬಿಟ್ಟೆ.

ಮಾರನೇ ದಿನ ಮಾತಿನವರು ನೋಡಿದ್ರು. ನಾವು ಹೇಳೋದು ಅರ್ಥ ಆಗೋದ್ರಲ್ಲೂ ಹಿಂದಿದಾನೆ, ಹತ್ತು ತಿಂಗಳ ಮಗುವಿನಷ್ಟು ಅಂದ್ರು. 20 ಪ್ರಶ್ನೆದು ಒಂದು ಪಟ್ಟಿ ಕೇಳಿದ್ರು, ಆಟಿಸಂ ಹೌದು ಅಂತಾನೂ ಹೇಳ್ಲಿಲ್ಲ ಅಲ್ಲ ಅಂತಾನೂ ಹೇಳ್ಲಿಲ್ಲ, ಎರಡು ವರ್ಷಕ್ಕೆ ಮತ್ತೆ ನೋಡ್ತೀವಿ, ಆದ್ರೆ ಕೆಲಸ ಇವತ್ತಿಂದಾನೇ ಶುರು ಮಾಡಿ ಅಂದ್ರು. ವಾರಕ್ಕೊಂದ್ಸಲ ಹಾಸನ, ಮಧ್ಯೆ ವಿಡಿಯೋ ಕಾಲ್.

ಮನೆಗೆ ಕೊಟ್ಟ ಕೆಲಸ ಕೇಳಿ ನಗ್ತೀರಾ. ಅವನಿಗೆ ಇಷ್ಟ ಇರೋದನ್ನ ಕಾಣೋ ಥರ ಡಬ್ಬದಲ್ಲಿ ಹಾಕಿ ಮುಚ್ಚಳ ಗಟ್ಟಿ ಮಾಡಿ ಇಡೋದು. ಕೈ ಎಳೆದ್ರೆ ಮುಖದ ಎದುರು ಕೂತು ಹೆಸರು ಹೇಳಿ, ಮನಸ್ಸಲ್ಲೇ ಐದು ಎಣಿಸೋ ತನಕ ಸುಮ್ಮನಿರೋದು. ಆ ಐದು ಎಣಿಸೋದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು, ನಾನು ಮೂರಕ್ಕೇ ಕೊಟ್ಬಿಡ್ತೀನಿ. ಅವನು ಬಾಯಿ ತೆರೆಯೋ ಮುಂಚೆನೇ ನಾನು ಎಲ್ಲಾ ತಂದು ಕೈಗೆ ಇಡ್ತಿದ್ದೆ ಅಂತ ಗೊತ್ತಾಗಿದ್ದೇ ಆವಾಗ.

ವಾಕ್‌ಶ್ರವಣ
ತುಂಬಾ ಸಂತೋಷ ಆಯ್ತು. ಅತ್ತೆಗೆ ಕೆಲಸ ಕೊಡೋಣ ಅಂದಿದ್ನಲ್ಲ, ಆ ಡಬ್ಬದ ಕೆಲಸ ಅವರಿಗೇ ಒಪ್ಪಿಸಿ. ಬಜೆ ತೇಯೋ ಹೊತ್ತಿಗೆ ಡಬ್ಬ.

ಸಣ್ಣಪ್ಪಿ_ಅಮ್ಮ
ಒಪ್ಪಿಸಿದ್ದೇ ಮೇಡಂ! ಮೊದಲು "ಮಗು ಕೇಳ್ತಿದ್ರೆ ಡಬ್ಬ ಮುಚ್ಚಿಟ್ಕೊಂಡು ಕೂರೋದಾ, ಇದ್ಯಾವ ಸೀಮೆ ಔಷಧಿ" ಅಂತ ಬೈದ್ರು. ಆದ್ರೂ ನಾನು ಕೊಟ್ಟಿಗೇಲಿರುವಾಗ ಕಡ್ಲೆಪುರಿ ಡಬ್ಬ ಹಿಡ್ಕೊಂಡು ಜಗಲಿ ಮೇಲೆ ಕೂತ್ಕೋತಾರೆ. ನಿನ್ನೆ ಸಾಯಂಕಾಲ ಕರೆದ್ರು, ಓಡಿ ಬಂದೆ. ಅವನು ಡಬ್ಬ ನೋಡ್ದ, ಅಜ್ಜಿ ಮುಖ ನೋಡ್ದ, ಮತ್ತೆ ಡಬ್ಬ ನೋಡ್ದ, ಕೈ ಎಳೀಲಿಲ್ಲ. ಐದೂ ಬೆರಳು ಚಾಚಿ ಡಬ್ಬದ ಕಡೆ ಮಾಡಿ "ಬ್ಬ" ಅಂದ. ಒಂದೇ ಸಲ. ಅತ್ತೆಗೆ ಎಣಿಸೋದೂ ಮರೆತೋಯ್ತು ಒಂದೊಂದೇ ಕೊಡ್ಬೇಕು ಅನ್ನೋದೂ ಮರೆತೋಯ್ತು, ಮುಚ್ಚಳ ತೆಗೆದು ಇಡೀ ಡಬ್ಬ ಅವನ ಮಡಿಲಿಗೆ ಸುರಿದ್ಬಿಟ್ರು.

ಜೋಳದರೊಟ್ಟಿ
ಭಾರಿ ಆತ್ರಿ ಅಕ್ಕಾರ! ನಮ್ಮ ಮನಿಯಾಕಿಗೆ ಓದಿ ಹೇಳಿದೆ, ಅಕಿ ಕೇಳಾಕತ್ತಾಳ, ಪುರಿ ಎಲ್ಲಾ ತಿಂದನ ಇಲ್ಲೋ ಅಂತ.

ಸಣ್ಣಪ್ಪಿ_ಅಮ್ಮ
ಎಲ್ಲಿ ತಿಂತಾನೆ ಅಣ್ಣ, ಜಗಲಿ ತುಂಬಾ ಹರಡಿದಾನೆ. ಕೋಳಿಗಳಿಗೆ ಹಬ್ಬ.